ಕೆಂಪು ಗಾಡಿಯ ಎರಡನೆಯ ಸ್ವರ

ವಿಠ್ಠಲರಾಯರು ಮೂರು ತಿಂಗಳಿಂದ ಹೆಂಡತಿಗೆ ಒಂದು ಸ್ವರ ಕೇಳಿಸುತ್ತೇನೆಂದು ಹೇಳುತ್ತಲೇ ಬಂದಿದ್ದರು. ಹಾರ್ಮೋನಿಯಂ ಸ್ವರವಲ್ಲ, ಅದನ್ನು ಮುಕ್ತಾಬಾಯಿ ಮದುವೆಯಾದಾಗಿನಿಂದ ಏಕಾದಶಿಗೊಮ್ಮೆ ಕೇಳಿ ಕೇಳಿ ದಣಿದಿದ್ದರು. ಇದು ಮನೆಯ ಮುಂದೆ ಬೇವಿನ ಮರದ ಕೆಳಗೆ, ಮೈಮೇಲೆ ಹಕ್ಕಿಯ ಹಿಕ್ಕೆ ಹೊತ್ತು ನಿಂತಿದ್ದ ಕೆಂಪು ಗಾಡಿಯ ಸ್ವರ.

ರಾಯರು ಇಂಡಿ ಊರಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ಐವತ್ತು ದಾಟಿದ ಬಾಳಿನಲ್ಲಿ ತಮಗಾಗಿ ಎಂದು ಅವರು ಮಾಡಿದ ಹುಚ್ಚು ಇದೊಂದೇ. ಸೊಲ್ಲಾಪುರದ ಯಾರೋ ಶೋಕಿಲಾಲ ಓಡಿಸಿ ಓಡಿಸಿ ಬೇಸತ್ತು ಬಿಟ್ಟ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟು ಮಡಿಚಿ, ಮೊದಲು ತಲೆ, ಆಮೇಲೆ ಒಂದು ಮೊಣಕಾಲು, ಕಡೆಗೆ ದೇವರ ದಯೆ ಇದ್ದರೆ ಉಳಿದದ್ದು, ಹೀಗೆ ಗವಿ ಹೊಕ್ಕಂತೆ ಹೊಗಬೇಕು. ಓಣಿಯ ಟ್ರ್ಯಾಕ್ಟರು, ಟಂಟಂಗಳ ನಡುವೆ ಅದು ತಪ್ಪು ಮದುವೆಗೆ ಬಂದು ಪಂಕ್ತಿಯಲ್ಲಿ ಕುಳಿತುಬಿಟ್ಟ ಅತಿಥಿಯಂತೆ ಕಾಣುತ್ತಿತ್ತು.

"ಈ ಗಾಡಿಗೆ ಎರಡು ಸ್ವರ ಇರತಾವ, ಮುಕ್ತಾ," ಎಂದು ಅವರು ಗಾಡಿ ತಂದ ದಿನವೇ ಹೇಳಿದ್ದರು. "ಇಂಜಿನ್ನಿನ ನೆತ್ತಿ ಮ್ಯಾಲೆ ಒಂದು ದಂಡ ತಿರಗತದ. ಅದರ ಮ್ಯಾಲೆ ಉಬ್ಬು ಇರತಾವ. ಉಬ್ಬು ಬಂದು ವಾಲ್ವ್ ಒತ್ತಿದಾಗ ಬಾಗಲಾ ತಗದು ಗಾಳಿ ಒಳಗ ಹೋಗತದ. ಬ್ಯಾರೆ ಗಾಡಿಗೆ ಒಂದೇ ನಮೂನಿ ಉಬ್ಬು. ಇದಕ್ಕ ಎರಡು ನಮೂನಿ, ಸಣ್ಣದು, ದೊಡ್ಡದು. ಸಾವಕಾಶ ಹೋಗುವಾಗ ಸಣ್ಣದರ ಕೆಲಸ. ಇಂಜಿನ್ ಏರಿತು ಅಂದ್ರ ಆಯಿಲ್ ಒಂದು ಗೂಟಾ ತಳ್ಳತದ, ದೊಡ್ಡ ಉಬ್ಬು ಕೆಲಸಕ್ಕ ಇಳೀತದ. ಆವಾಗ ಸ್ವರನ ಬದಲಾಗತದ. ನಮ್ಮ ಭಜನಿಯೊಳಗ ವಿಳಂಬದಿಂದ ಒಮ್ಮೆಲೆ ದುಗುಣಕ್ಕ ಏರತೇವಲ್ಲ, ಹಂಗ."

"ನಮ್ಮ ಭಜನಿಯೊಳಗ ದುಗುಣಕ್ಕ ಏರಿದಾಗ ನೀವು ಯಾವಾಗಲೂ ಹಿಂದ ಉಳೀತೀರಿ," ಎಂದು ಮುಕ್ತಾಬಾಯಿ ಶೇಂಗಾ ಆರಿಸುತ್ತಲೇ ಹೇಳಿದ್ದರು.

ಸ್ವರ ಮಾತ್ರ ಇದುವರೆಗೂ ಕೇಳಿರಲಿಲ್ಲ. ಹೆಂಡತಿಗಷ್ಟೇ ಅಲ್ಲ, ರಾಯರಿಗೂ ಕೇಳಿರಲಿಲ್ಲ. ಸೊಲ್ಲಾಪುರದವನು ಆ ಬದಲಾವಣೆಯ ಜಾಗವನ್ನು ಎಲ್ಲೋ ನಿಮಿಷಕ್ಕೆ ಏಳು ಸಾವಿರ ಸುತ್ತಿನ ಹತ್ತಿರ ಇಟ್ಟುಬಿಟ್ಟಿದ್ದ. ಇಂಡಿ ಸೀಮೆಯಲ್ಲಿ ಇಂಜಿನ್ನು ನಾಲ್ಕು ಸಾವಿರ ಮುಟ್ಟುವುದರೊಳಗೆ ಒಂದು ಹಂಪ್ ಬರುತ್ತದೆ, ಇಲ್ಲವೇ ಒಂದು ಎಮ್ಮೆ ಬರುತ್ತದೆ.

ಶನಿವಾರ ಊಟಕ್ಕೆ ಕುಳಿತಾಗ ಮುಕ್ತಾಬಾಯಿ ವಿಷಯ ಮುಗಿಸಿಬಿಟ್ಟರು. ಅವರ ತಮ್ಮ ಪಾರ್ಥ ಬಸವನ ಬಾಗೇವಾಡಿಯಿಂದ ಮರುದಿನ ಸಂಜೆ ಎಂಟು ಮಂದಿ ಕೂಡುವ ತನ್ನ ವ್ಯಾನು ತರುವವನಿದ್ದ. ವ್ಯಾನು ಇಲ್ಲಿ ಬಿಟ್ಟು ಕೆಂಪು ಗಾಡಿ ಒಯ್ದು ಮುದ್ದೇಬಿಹಾಳದ ಒಬ್ಬ ಪರಿಚಯದವನಿಗೆ ಮಾರಿ ದಾಟಿಸುವುದೆಂದು ಅಕ್ಕ ತಮ್ಮ ಫೋನಿನಲ್ಲೇ ಗೊತ್ತು ಮಾಡಿದ್ದರು.

"ನಾಳೆ ಸಂಜಿ ದೇವರ ಮುಂದ ದೀಪಾ ಹಚ್ಚೂದ್ರೊಳಗ ನಿಮ್ಮ ಎರಡನೇ ಸ್ವರ ನನಗ ಕೇಳಿಸ್ರಿ. ಕೇಳಿಸಿದ್ರ ಗಾಡಿ ಇರಲಿ, ನಾ ಬಾಯಿ ತಗ್ಯಾಂಗಿಲ್ಲ. ಇಲ್ಲಂದ್ರ ಪಾರ್ಥನ ಕೈಯಾಗ ಕೀಲಿ ಕೊಡ್ರಿ. ಪಂಢರಪುರಕ್ಕ ಹೋಗಿ ಬರೂತನಕಾ ಮೊಣಕಾಲು ಗದ್ದಕ್ಕ ಹಚ್ಚಿ ಕೂತು ಕೂತು ನನಗ ಸಾಕಾಗೇದ."

ರಾಯರು ಒಪ್ಪಿದರು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಅಲ್ಲದೆ ಸಿಂದಗಿಯ ತಬ್ರೇಜನಿಗೆ ಅವರು ಮೊದಲೇ ಬರಹೇಳಿದ್ದರು.

ತಬ್ರೇಜನದು ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಅದರ ಜೊತೆಗೆ ಲ್ಯಾಪ್‌ಟಾಪಿನಿಂದ ಇಂಜಿನ್ ಟ್ಯೂನಿಂಗ್. ಭಾನುವಾರ ಬೆಳಿಗ್ಗೆ ಆತ ಬಸ್ಸಿಳಿದು, ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಗಾಡಿಯನ್ನು ಒಮ್ಮೆ ಸುತ್ತು ಹಾಕಿದ.

"ಮೂರು ಓಟ ಬೇಕ್ರಿ ಸರ. ಒಂದು ಬರೇ ಸಣ್ಣ ಉಬ್ಬಿನ ಮ್ಯಾಲ. ಒಂದು ಬರೇ ದೊಡ್ಡದರ ಮ್ಯಾಲ. ಎರಡರದೂ ತಾಕತ್ತಿನ ಗೆರಿ ಇದರಾಗ ಮೂಡತಾವು. ಒಂದರ ಮ್ಯಾಲ ಒಂದು ಇಟ್ಟರ, ಎಲ್ಲಿ ಕೂಡತಾವು ಅಲ್ಲೇ ಬದಲಿ ಇಡೂದು. ಮೊದಲ ಇಟ್ಟರ ಗಾಡಿ ಮುಗ್ಗರಸತೈತಿ, ತಡಾ ಮಾಡಿ ಇಟ್ಟರ ಜೋಮು ಹಿಡೀತೈತಿ. ಮೂರನೇ ಓಟ ನಿಮ್ಮ ಖುಷಿಗೆ."

"ಇಲ್ಲೇ ನಿಂತು ರೇಸ್ ಮಾಡಿದ್ರ ಆಗೂದಿಲ್ಲೇನು?"

"ಏಳಂಗಿಲ್ರಿ ಅದು. ಇಂಜಿನ್ ಬಿಸಿ ಇರಬೇಕು, ಗಾಡಿ ಓಡಾಕತ್ತಿರಬೇಕು, ಪೆಡಲ್ ಪೂರಾ ಒತ್ತಿರಬೇಕು. ಮೂರರಾಗ ಒಂದು ಕಡಿಮಿ ಆದ್ರೂ ದೊಡ್ಡ ಉಬ್ಬು ಹೊರಗ ಬರೂದಿಲ್ಲ. ಮಾನಪಾನ ಭಾಳ ನೋಡತೈತಿ, ಬೀಗರ ಗತೆ."

ಅಷ್ಟರಲ್ಲಿ ಪಕ್ಕದ ಮನೆಯಿಂದ ರಂಗೂಬಾಯಿ ಹಿತ್ತಾಳೆ ತಟ್ಟೆ ಹಿಡಿದು ಬಂದರು. ರಂಗೂಬಾಯಿ ರಾಯರ ಸೋದರತ್ತೆ. ಎಪ್ಪತ್ತೈದು ದಾಟಿದ್ದರೂ ಓಣಿಯಲ್ಲಿ ಯಾವ ಬಾಗಿಲು ಕಿರುಗುಟ್ಟಿದರೂ ಮೊದಲು ಅವರಿಗೇ ಕೇಳುತ್ತಿತ್ತು. ತಟ್ಟೆಯಲ್ಲಿ ಕುಂಕುಮ, ಊದಿನಕಡ್ಡಿ, ಐದು ನಿಂಬೆಹಣ್ಣು.

"ಏ ವಿಠ್ಠಲಾ, ಹಿಂಗ ಬರೇಗೈಲೆ ಹೊಂಟೀಯೇನು?"

"ಊರಿಗಲ್ಲ ಅತ್ಯಾ. ಟೆಸ್ಟಿಗೆ."

"ಅದಕ್ಕ ಬಂದೇನಿ. ಪರೀಕ್ಷಾಕ್ಕ ಹೋಗೂ ಗಾಡಿ ನಿಂಬಿಹಣ್ಣ ತುಳೀಲಾರದ ಹೋಗಬಾರದು."

ಅವರು ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಊದಿನಕಡ್ಡಿ ಬೆಳಗಿದರು. ತಬ್ರೇಜನ ಲ್ಯಾಪ್‌ಟಾಪಿನ ಬೆನ್ನಿಗೂ ಒಂದು ಬೊಟ್ಟು ಇಟ್ಟು, "ನಿಂದೂ ಯಂತ್ರನ ಅಲ್ಲೇನಪಾ," ಎಂದರು. ತಬ್ರೇಜ ಗೋಣು ಹಾಕಿದ. ಆಮೇಲೆ ಅವರು ಒಳಗೆ ಇಣುಕಿ, "ಇದರಾಗ ಓಡಸೂದು ಯಾವದೋ?" ಎಂದು ಕೇಳಿದರು.

ಗಾಡಿಯ ಬಗ್ಗೆ ಮನೆಯವರು ಯಾರಾದರೂ ಆಸೆಯಿಂದ ಕೇಳಿದ ಮೊದಲ ಪ್ರಶ್ನೆ ಅದು. ರಾಯರು ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದರು. "ಎಡಕಿಂದು ಕ್ಲಚ್. ನಡುವಿಂದು ಬ್ರೇಕ್. ಬಲಕ್ಕ ಅದಲ್ಲ, ಅದನ್ನ ಒತ್ತಿದಷ್ಟೂ ಓಡತದ." ಹೇಳಿ, ನೀರಿನ ಬಾಟಲಿ ತರಲು ಒಳಗೆ ಹೋದರು.

ತಿರುಗಿ ಬಂದಾಗ ಗಾಲಿಗಳ ಮುಂದೆ ನಿಂಬೆಹಣ್ಣುಗಳು ಕುಳಿತಿದ್ದವು. ಹಿಂದಿನ ಸೀಟಿನಲ್ಲಿ ರಂಗೂಬಾಯಿ ಕುಳಿತಿದ್ದರು.

"ಆಯಿ ತಾವ ಹೊಕ್ಕಾರ್ರಿ ಸರ," ಎಂದ ತಬ್ರೇಜ. "ನಾ ವೈರು ಬಿಡಸ್ತಿದ್ದೆ. ನೋಡೂದ್ರಾಗ ಒಳಗದಾರು."

"ಲಚ್ಯಾಣ ಮಠದ ತನಕಾ ಬರತೇನಿ," ಎಂದರು ರಂಗೂಬಾಯಿ. "ಹೋಗಬೇಕು ಹೋಗಬೇಕು ಅಂತ ಭಾಳ ದಿನದಿಂದ ಮನಸಿನ್ಯಾಗಿತ್ತು. ಹೆಂಗಿದ್ರೂ ಗಾಡಿ ಹೊಂಟದ."

ಅವರನ್ನು ಇಳಿಸುವುದೆಂದರೆ ಬಾವಿಯಿಂದ ಹಂಡೆ ಎತ್ತಿದಂತೆ. ರಾಯರು ಸುಮ್ಮನೆ ಗಾಡಿ ಬಿಟ್ಟರು. ನಿಂಬೆಹಣ್ಣುಗಳು ಪಚ್ ಪಚ್ ಎಂದವು.

ಲಚ್ಯಾಣದ ರಸ್ತೆಯಲ್ಲಿ ಒಂದು ನೆಟ್ಟನೆಯ ತುಂಡು ಇದೆ. ಎರಡೂ ಕಡೆ ಜೋಳ, ನಡುನಡುವೆ ನಿಂಬೆ ತೋಟ. ತಬ್ರೇಜ ಗಾಡಿ ನಿಲ್ಲಿಸಲು ಹೇಳಿ, ಬಾನೆಟ್ ತೆಗೆದು ವೈರು ಸಿಕ್ಕಿಸಿ, ಲ್ಯಾಪ್‌ಟಾಪನ್ನು ರೂಫಿನ ಮೇಲಿಟ್ಟು ರಸ್ತೆಯ ಉದ್ದವನ್ನು ಕಣ್ಣು ಕಿರಿದು ಮಾಡಿ ನೋಡಿದ. ನೋಡಿದ್ದೇ ತಪ್ಪಾಯಿತು. ಜೋಳದ ಹೊಲದಿಂದ ಸೆರಗು ಕಟ್ಟಿದ ಹೆಣ್ಣುಮಗಳೊಬ್ಬಳು ಕುಡಗೋಲು ಸಮೇತ ಎದ್ದು ಬಂದು ಗಾಡಿಯ ಮುಂದೆಯೇ ನಿಂತಳು.

"ನನ್ನ ಹೆಸರು ಗುಂಡವ್ವ ಅಂತ್ರಿ ಸಾಹೇಬ್ರ. ಆ ನಿಂಬಿ ತ್ವಾಟ ನಂದು. ಮೊನ್ನಿ ಬಂದವರಿಗೂ ಹೇಳೇನಿ, ನಿಮಗೂ ಹೇಳತೇನಿ. ರಸ್ತಾ ಅಗಲ ಮಾಡೂದಿದ್ರ ಆ ಕಡಿಗೆ ಮಾಡ್ರಿ."

"ನಾವು ಸರ್ವೆದವರಲ್ಲವ್ವಾ," ಎಂದರು ರಾಯರು.

"ಮೊನ್ನಿ ಬಂದವರೂ ಹಂಗ ಅಂದ್ರು. ಆಮ್ಯಾಲ ಕಲ್ಲು ಹುಗದು ಹೋದ್ರು."

"ನಾವು ಗಾಡಿ ಓಡಿಸಿ ನೋಡಲಿಕ್ಕೆ ಬಂದೇವಿ."

"ಓಡಿಸಿ ನೋಡೂರು ಕಂಪೂಟರ್ ಯಾಕ ತಂದೀರಿ? ನಮ್ಮ ಅಣ್ಣನ ಮಗಾ ದಿನಾ ಗಾಡಿ ಹೊಡೀತಾನ, ಕೈಯಾಗ ಒಂದು ಸುಡಗಾಡ ಇರಂಗಿಲ್ಲ."

ರಾಯರು ಉಬ್ಬಿನ ಕತೆ ಹೇಳತೊಡಗಿದರು. ಗುಂಡವ್ವ ಕುಡಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಪೂರ್ತಿ ಕೇಳಿದಳು. ಕೇಳಿ, "ಆ ದೊಡ್ಡ ಉಬ್ಬು ನನ್ನ ತ್ವಾಟದ ಮುಂದ ಹಾಕಬ್ಯಾಡ್ರಿ," ಎಂದಳು. "ಮದಲ ಇಲ್ಲಿ ಎರಡು ಹಂಪ್ ಅದಾವು."

ಹಿಂದಿನ ಸೀಟಿನಿಂದ ರಂಗೂಬಾಯಿ ಕೈ ಹೊರಚಾಚಿ, "ಹಾಕೂದಿಲ್ಲ ಬಿಡವಾ, ನಾ ಅದೇನಲ್ಲ," ಎಂದು ಭರವಸೆ ಕೊಟ್ಟ ಮೇಲೆಯೇ ಆಕೆ ಸರಿದದ್ದು. ಹೋಗುವ ಮುಂದೆ ಸಾಹೇಬರ ಮನಸ್ಸು ಗಟ್ಟಿ ಮಾಡಲೆಂದು ಒಂದು ಮಡಿಲು ಎಳೆ ಜೋಳದ ಸೀತನಿ ತೆನೆ ತಂದು, ಲ್ಯಾಪ್‌ಟಾಪು ಹಿಡಿದು ಸೀಟಿಗೆ ಮರಳಿದ್ದ ತಬ್ರೇಜನ ತೊಡೆಯ ಮೇಲೆ ಸುರಿದಳು. ಲ್ಯಾಪ್‌ಟಾಪಿನ ಗುಂಡಿಗಳ ಸಂದಿಯಲ್ಲಿ ಜೋಳದ ಕಾಳು ಹೊಕ್ಕವು. ಅವನ್ನು ಊದಿ ಊದಿ ತೆಗೆಯುವುದರೊಳಗೆ ರಸ್ತೆಯಲ್ಲಿ ಕುರಿಹಿಂಡು ಬಂತು. ಕುರಿ ಹೋದ ಮೇಲೆ ಕುರಿಯವನು ಬಂದು, ಅವನೂ ಸರ್ವೆಯ ಬಗ್ಗೆ ಕೇಳಿದ.

ಮೊದಲ ಓಟ ಓಡದೆಯೇ ಲಚ್ಯಾಣ ಬಂತು.

"ಇಳೀರಿ ಅತ್ಯಾ, ಮಠಾ."

ರಂಗೂಬಾಯಿ ಕಿಟಕಿಯಿಂದ ಕಳಸ ನೋಡಿದರು. ಮಡಿಚಬೇಕಾದ ಸೀಟು ನೋಡಿದರು. ತಮ್ಮ ಮೊಣಕಾಲು ನೋಡಿದರು. ಕುಳಿತಲ್ಲಿಂದಲೇ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಪ್ರಾರ್ಥನೆ ಮಾಡಿ, "ಆತು. ಇಲ್ಲಿಂದನ ಮುಟ್ಟತದ," ಎಂದರು. "ಒಮ್ಮೆ ಇಳದ್ರ ಮತ್ತ ಹತ್ತೂದು ನನ್ನಿಂದ ಆಗೂದಿಲ್ಲ. ನಿಮ್ಮ ಕೆಲಸಾ ನೀವು ಮಾಡ್ರಿ, ನಾ ಸುಮ್ಮ ಕೂಡತೇನಿ."

ಸುಮ್ಮನೆ ಕೂಡುವುದೆಂದರೆ ಅವರ ಪಾಲಿಗೆ ಅಭಂಗ ಹಾಡುತ್ತ ಕೂಡುವುದು.

ಸಿಂದಗಿ ರಸ್ತೆಗೆ ಬಂದರೆ ಅಲ್ಲಿ ಕಬ್ಬಿನ ಸುಗ್ಗಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಗರ್ಭಿಣಿಯರಂತೆ ತೂಗುತ್ತ ಹೊರಟಿದ್ದವು. ಒಂದೊಂದು ಊರಿನವರೂ ತಮ್ಮ ಊರ ಮುಂದೆ ತಮಗೆ ತಿಳಿದಷ್ಟು ಎತ್ತರದ ಹಂಪ್ ಹಾಕಿದ್ದರು. ಗಾಡಿಯ ಹೊಟ್ಟೆ ತಾಗದಂತೆ ದಾಟಬೇಕೆಂದರೆ ಭಾರ ಇಳಿಸಬೇಕು. ರಾಯರು ಸ್ಟೇರಿಂಗ್ ಬಿಡುವಂತಿಲ್ಲ, ರಂಗೂಬಾಯಿ ಇಳಿಯುವಂತಿಲ್ಲ. ಆದ್ದರಿಂದ ಪ್ರತಿ ಹಂಪಿಗೂ ತಬ್ರೇಜ ಇಳಿದ. ವೈರು ಬಿಚ್ಚಿದರೆ ಮತ್ತೆ ಮೊದಲಿನಿಂದ ಹಚ್ಚಬೇಕೆಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಕಿಟಕಿಯಿಂದ ಹೊರಬಂದ ವೈರಿನ ಜೊತೆಗೆ, ಆಸ್ಪತ್ರೆಯಲ್ಲಿ ಸಲಾಯಿನ್ ಬಾಟಲಿ ಹಿಡಿದು ನಡೆಯುವವರ ಹಾಗೆ ಗಾಡಿಯ ಪಕ್ಕ ನಡೆದ. ಹಂಪಿನ ಪಕ್ಕದ ಕಟ್ಟೆಗಳ ಮೇಲೆ ಕುಳಿತವರು ಅವನನ್ನು ಆರಾಮ ಇದ್ದೀಯೇನು ಎಂದು ಕೇಳಿದರು.

ಒಂದು ಕಡೆ ಹಾದಿ ಸ್ವಲ್ಪ ತೆರೆಯಿತು. ಮುಂದೆ ಒಂದೇ ಟ್ರ್ಯಾಕ್ಟರು. "ಹೊಡೀರಿ ಸರ, ಇದನ್ನ ದಾಟಿದ್ರ ಮುಂದ ಖಾಲಿ," ಎಂದ ತಬ್ರೇಜ. ರಾಯರು ಬಲಕ್ಕೆ ಹೊರಳಿಸಿ ಪೆಡಲ್ ಒತ್ತಿದರು. ಗಾಡಿ ಏರುತ್ತೇನೆ ಎಂದಂತೆ ಮಾಡಿ ಏರಲಿಲ್ಲ. ಟ್ರ್ಯಾಕ್ಟರಿನ ಪಕ್ಕಕ್ಕೆ ಪಕ್ಕವೇ ಬಹಳ ದೂರ ಓಡಿತು. ಟ್ರ್ಯಾಕ್ಟರಿನವನು ಮೇಲಿನಿಂದ ಬಗ್ಗಿ ನೋಡಿ, ಹಾಡು ಸಣ್ಣದು ಮಾಡಿ, "ಎಣ್ಣಿ ತೀರೈತೇನ್ರಿ? ಹಗ್ಗಾ ಕೊಡ್ಲೇನು?" ಎಂದು ಕೇಳಿದ.

"ಮೂರು ಮಂದಿ ಭಾರ ಆಗೇತ್ರಿ," ಎಂದ ತಬ್ರೇಜ ಸಮಾಧಾನಕ್ಕೆ. ಆಮೇಲೆ ಮೂಗು ಎಳೆದುಕೊಂಡ. "ನಿಂಬಿಹಣ್ಣಿನ ವಾಸನಿ ಭಾಳ ಬರಾಕತ್ತೈತಲ್ರಿ."

"ಬೆಳಿಗ್ಗೆ ಗಾಲಿಗೆ ಹಾಕಿದ್ದಲ್ಲ," ಎಂದರು ರಾಯರು.

"ದೃಷ್ಟಿ ಇಳೀಲಿಕತ್ತದ," ಎಂದರು ಹಿಂದಿನಿಂದ ರಂಗೂಬಾಯಿ, ಹಾಡು ನಿಲ್ಲಿಸದೆ.

ಬಿಸಿಲು ಇಳಿಮುಖವಾಗಿತ್ತು. ಸೀತನಿಯನ್ನೇ ಮಧ್ಯಾಹ್ನದ ಊಟವೆಂದು ಮೂವರೂ ತಿಂದರು. ತಬ್ರೇಜನಿಗೆ ಆಗ ನೆನಪಾಯಿತು: ದೇವಣಗಾಂವದ ಕಡೆ ಹೊಸದಾಗಿ ಡಾಂಬರು ಹಾಕಿದ ಒಂದು ತುಂಡು ರಸ್ತೆ ಇದೆ. ಹೊಸದಾದ್ದರಿಂದ ಇನ್ನೂ ಯಾರೂ ಹಂಪ್ ಹಾಕಿಲ್ಲ.

ಹೋಗಿ ನೋಡಿದರೆ ನಿಜ. ಕಾಡಿಗೆ ಬಳಿದ ಹುಬ್ಬಿನಂತೆ ಕರ್ರಗೆ, ನೆಟ್ಟಗೆ, ಖಾಲಿ. ಟ್ರ್ಯಾಕ್ಟರಿಲ್ಲ, ಕುರಿ ಇಲ್ಲ, ಸರ್ವೆ ಕೇಳುವವರಿಲ್ಲ. ರಾಯರು ಮನಸ್ಸಿನಲ್ಲೇ ಪಾಂಡುರಂಗನನ್ನು ನೆನೆದು, ಮೂರನೇ ಗಿಯರಿಗೆ ಹಾಕಿ, ಪೆಡಲನ್ನು ಪೂರ್ತಿ ತುಳಿದರು.

ಗಾಡಿ ಓಡಿತು. ಹಾರಲಿಲ್ಲ. ಮುಳ್ಳು ಮೂರು ಸಾವಿರ ದಾಟಿ, ಸಾವಕಾಶ ನಾಲ್ಕು ದಾಟಿ, ನಾಲ್ಕೂವರೆಯ ಹತ್ತಿರ ಊಟ ಮಾಡಿ ಎದ್ದವರಂತೆ ಏರತೊಡಗಿತು.

"ಪೂರಾ ಒತ್ರಿ ಸರ."

"ಒತ್ತೇನಿ."

"ಒತ್ತಿಲ್ರಿ. ಇಲ್ಲಿ ಅರ್ಧಾ ತೋರಸಾಕತ್ತೈತಿ."

"ನೆಲಕ್ಕ ಹತ್ತೇದ ತಬ್ರೇಜ."

"ಕಾಲು ಹತ್ತಿರಬೇಕ್ರಿ. ಮನಸು ಹತ್ತಿಲ್ಲ."

ಮತ್ತೊಮ್ಮೆ ಹೊರಟಲ್ಲಿಗೆ ಹೋಗಿ ಮತ್ತೊಮ್ಮೆ ಓ‍ಡಿಸಿದರು. ಅರ್ಧ. ರಾಯರು ಚಪ್ಪಲಿ ಕಳಚಿ ಬರಿಗಾಲಲ್ಲಿ ತುಳಿದರು. ಅರ್ಧ. ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಎದ್ದು ತುಳಿದರು. ಅರ್ಧಕ್ಕಿಂತ ಒಂದು ಕೂದಲು ಹೆಚ್ಚು.

"ನಿಮ್ಮ ತಪ್ಪಲ್ಲ ಬಿಡ್ರಿ," ಎಂದ ತಬ್ರೇಜ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಸಾಲಿ ಮಾಸ್ತರ ಮಂದಿಗೆ ಹಿಂಗ ಆಗತೈತಿ. ತಲಿ ಒತ್ತು ಅಂತೈತಿ, ಕಾಲು ಬ್ಯಾಡ ಅಂತೈತಿ. ಒತ್ತೇವಿ ಅಂತ ಅವರಿಗೆ ಅನಸತೈತಿ, ಆದ್ರ ಒತ್ತಿರೂದಿಲ್ಲ."

"ಹಂಗಾರ ನೀ ಹೊಡಿ," ಎಂದು ರಾಯರು ಎದೆ ಗಟ್ಟಿ ಮಾಡಿ ಹೇಳಿದರು. ಇದುವರೆಗೆ ಆ ಸ್ಟೇರಿಂಗನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.

ತಬ್ರೇಜ ಸಂಕೋಚದಿಂದ ಲ್ಯಾಪ್‌ಟಾಪಿನ ಕುಂಕುಮ ಒರೆಸಿದ. "ನನಗ ಗಾಡಿ ಬರೂದಿಲ್ರಿ ಸರ."

"ಏನಂದಿ?"

"ಗಾಡಿ ಹೊಡ್ಯಾಕ ಬರೂದಿಲ್ರಿ. ಬರೇ ಟ್ಯೂನಿಂಗ್. ಅದಕ್ಕ ಬಸ್ಸಿಗೆ ಬಂದೇನಲ್ರಿ."

ರಂಗೂಬಾಯಿ ಹಿಂದೆ ಕೈತಾಳ ಹಾಕುತ್ತ ಹಾಡುತ್ತಿದ್ದರು.

"ಗೆರಿ ಮೂಡಲಾರದ ನಾ ಎಲ್ಲಿ ಕೂಡಸ್ಲಿ?" ಎಂದ ತಬ್ರೇಜ ಕಡೆಗೆ. "ನೀವ ಒಂದು ಅಂಕಿ ಹೇಳಿಬಿಡ್ರಿ. ಇಟ್ಟು ಒಂದ ಸಲ ನೋಡಿಬಿಡೂಣು."

ರಾಯರು ಕಣ್ಣು ಮುಚ್ಚಿದರು. ರಂಗೂಬಾಯಿಯ ಹಾಡು ವಿಳಂಬದಲ್ಲಿ ಸಾಗಿತ್ತು. ಚಿಕ್ಕಂದಿನಿಂದ ಕೇಳಿದ ದನಿ. ಒಂದು ಜಾಗದಲ್ಲಿ ಆ ದನಿ ತುಂಬಿಕೊಳ್ಳುತ್ತದೆ. ಇನ್ನು ಇದರಲ್ಲಿ ಹಿಡಿಸುವುದಿಲ್ಲ ಎನ್ನುವಾಗ, ಚೆಲ್ಲುವ ಮೊದಲು, ಅತ್ತೆ ಎರಡು ಪಟ್ಟು ವೇಗದ ದುಗುಣಕ್ಕೆ ಏರಿಬಿಡುತ್ತಾರೆ. ಒಂದು ತಾಳ ಮುಂಚೆ ಏರಿದರೆ ಝಾಂಜ್ ಬಾರಿಸುವವರು ಚೆಲ್ಲಾಪಿಲ್ಲಿ. ಒಂದು ತಾಳ ತಡವಾದರೆ ಕೇಳುವವರು ಗೋಡೆಗೆ ಒರಗುತ್ತಾರೆ. ಮೂರು ತಿಂಗಳಿಂದ ಕೇಳಿದ ಇಂಜಿನ್ನಿನ ದನಿಯನ್ನು ರಾಯರು ಮನಸ್ಸಿನಲ್ಲಿ ಅದರ ಪಕ್ಕ ಇಟ್ಟು ನೋಡಿದರು. ಎಲ್ಲಿ ತುಂಬುತ್ತದೆ ಅದು?

"ಐದು ಸಾವಿರದ ಇನ್ನೂರು," ಎಂದರು.

ತಬ್ರೇಜ ಅಂಕಿ ಒತ್ತಿದ. ಕಡೆಯ ಓಟ. ಗಾಡಿ ಏದುಸಿರು ಬಿಡುತ್ತ ಐದಕ್ಕೆ ಬಂತು, ಇನ್ನೂರು ದಾಟಿತು. ಅದೇ ಹಳೆಯ ಸ್ವರ. ರಸ್ತೆ ಮುಗಿಯಿತು.

"ಅರ್ಧಾ ಪೆಡಲಿಗೆ ಅದು ಏಳಂಗಿಲ್ರಿ," ಎಂದು ತಬ್ರೇಜ ಅಂಕಿಯನ್ನು ಹಾಗೆಯೇ ಬಿಟ್ಟು ಲ್ಯಾಪ್‌ಟಾಪು ಮುಚ್ಚಿದ.

ಅವನನ್ನು ಸಿಂದಗಿಯ ಬಸ್ಸಿಗೆ ಹತ್ತಿಸಿ ರಾಯರು ಇಂಡಿಯ ದಾರಿ ಹಿಡಿದರು. ದಾರಿಯುದ್ದಕ್ಕೂ ತಮ್ಮ ಬಲಗಾಲನ್ನು ಪರಕೀಯರ ಕಾಲಿನಂತೆ ನೋಡುತ್ತ ಬಂದರು. ತಬ್ರೇಜ ಅಂದದ್ದು ಸರಿ ಎನಿಸಿತು. ಈ ಬಾಳಿನಲ್ಲಿ ತಾವು ಪೂರ್ತಿ ಒತ್ತಿದ್ದು ಯಾವುದು? ಪ್ರಿನ್ಸಿಪಾಲರ ಮುಂದೆ ಹೇಳಬೇಕಾದ ಮಾತು ಅರ್ಧಕ್ಕೇ ನುಂಗಿದ್ದು. ಯೌವನದಲ್ಲಿ ಪುಣೆಗೆ ಹೋಗಿ ಕಲಿಯುವ ಆಸೆ, ಸೊಲ್ಲಾಪುರದ ತನಕ ಹೋಗಿ ತಿರುಗಿ ಬಂದದ್ದು. ಭಜನೆಯಲ್ಲಿ ದುಗುಣಕ್ಕೆ ಏರಿದಾಗ ಬೆರಳು ಹಿಂದೆ ಉಳಿಯುವುದು. ಇಂಥ ಕಾಲಿಗೆ ಈ ಗಾಡಿ ಯಾಕೆ? ಎಂಟು ಮಂದಿಯ ವ್ಯಾನೇ ಸರಿ. ಅದರಲ್ಲಿ ಎಲ್ಲರೂ ನೆಟ್ಟಗೆ ಕೂಡುತ್ತಾರೆ.

ಮನೆಗೆ ಬಂದಾಗ ಬೇವಿನ ಮರದ ಕೆಳಗೆ ಬಿಳಿಯ ವ್ಯಾನು ನಿಂತಿತ್ತು. ಪಾರ್ಥ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಪಾರ್ಥ ಸರಕಾರಿ ನೌಕರ. ಗಾಡಿಯನ್ನು ಗಂಟೆಗೆ ನಲವತ್ತರ ಮೇಲೆ ಓಡಿಸಿದ್ದನ್ನು ಬಾಗೇವಾಡಿಯಲ್ಲಿ ಯಾರೂ ಕಂಡಿರಲಿಲ್ಲ. ಮದುವೆಯ ದಿಬ್ಬಣಕ್ಕೂ ಆತ ಮುಹೂರ್ತ ಮುಗಿದ ಮೇಲೆ ಮುಟ್ಟಿದವನು.

"ಕೇಳಸ್ತೀರೇನು?" ಎಂದು ಮುಕ್ತಾಬಾಯಿ ಬಾಗಿಲಲ್ಲಿ ನಿಂತು ಕೇಳಿದರು. ಕೈಯಲ್ಲಿ ಹೂಬತ್ತಿ ಇತ್ತು. ದನಿಯಲ್ಲಿ ಕುಹಕವಿರಲಿಲ್ಲ. ಕೇಳುವ ಆಸೆ ಸ್ವಲ್ಪ ಇದ್ದಂತೆಯೂ ರಾಯರಿಗೆ ಅನಿಸಿತು.

"ಇಲ್ಲ," ಎಂದರು. "ಅದು ನನ್ನ ಕಾಲಿಗೆ ಬಗ್ಗೂ ಗಾಡಿ ಅಲ್ಲ." ಕೀಲಿಯನ್ನು ಪಾರ್ಥನ ಕೈಯಲ್ಲಿಟ್ಟರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಭಾವಾ," ಎಂದ ಪಾರ್ಥ. "ನನಗೂ ಇದರ ಮ್ಯಾಲೆ ಮನಸಿಲ್ಲ. ನಾಳೆನ ಮುದ್ದೇಬಿಹಾಳದವನ ಕೊಳ್ಳಿಗೆ ಕಟ್ಟಿಬಿಡತೇನಿ."

ರಾಯರೂ ಪಾರ್ಥನೂ ಸೇರಿ ರಂಗೂಬಾಯಿಯನ್ನು ಹಿಂದಿನ ಸೀಟಿನಿಂದ ಹೊರತೆಗೆದರು. ಮುಕ್ತಾಬಾಯಿ ಒಳಗೆ ಹೋದರು. ಪಾರ್ಥ ಸೀಟಿನಲ್ಲಿ ಕುಳಿತು ತನ್ನ ಪದ್ಧತಿಯಂತೆ ಶುರು ಮಾಡಿದ. ಸೀಟು ಹಿಂದೆ ಮುಂದೆ ಮಾಡಿದ. ಎಡಗನ್ನಡಿ, ಬಲಗನ್ನಡಿ, ನಡುಗನ್ನಡಿ. ಹಾರ್ನ್. ಇಂಡಿಕೇಟರ್. ಆಮೇಲೆ ಮೊಬೈಲ್ ಟಾರ್ಚ್ ಹಚ್ಚಿ, ಕಾಲ ಕೆಳಗೆ ಹಾವು ಚೇಳು ಇದ್ದೀತೆಂದು ಬಗ್ಗಿ ನೋಡಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

"ಭಾವಾ, ಇಲ್ಲೇನೋ ಕಟ್ಯಾರಲ್ಲಾ."

ದಾರ ಹರಿದ ಸಪ್ಪಳ ಕೇಳಿಸಿತು. ಅವನು ಎತ್ತಿ ತೋರಿಸಿದ್ದು ಕೆಂಪು ಬಟ್ಟೆಯ ಒಂದು ಗಂಟು. ಬಲಗಡೆಯ ಪೆಡಲಿನ ಬೆನ್ನಿಗೆ ಅರಿಸಿನದ ದಾರದಿಂದ ಬಿಗಿಯಾಗಿ ಕಟ್ಟಿದ್ದು. ಒಳಗೆ ಎರಡು ಗೋಟಡಿಕೆ, ಒಂದು ನಿಂಬೆಹಣ್ಣು. ನಿಂಬೆಹಣ್ಣು ದಿನವಿಡೀ ತುಳಿಸಿಕೊಂಡು ಚಪ್ಪಟೆಯಾಗಿತ್ತು. ಅಡಿಕೆಗೆ ಏನೂ ಆಗಿರಲಿಲ್ಲ.

"ಬಿಚ್ಚಬ್ಯಾಡೋ ಪಾರ್ಥಾ," ಎಂದು ರಂಗೂಬಾಯಿ ನಡು ಹಿಡಿದುಕೊಂಡೇ ಹೇಳಿದರು. "ನಾಲ್ಕು ಗಾಲಿಗೆ ನಾಲ್ಕು, ಓಡಸೂದಕ್ಕ ಒಂದು. ದೃಷ್ಟಿ ತಾಗೂದು ಅಲ್ಲೇ. ನಮ್ಮ ವಿಠ್ಠಲನ ತೋರಿಸಿಕೊಟ್ಟಾನ. ಇವತ್ತ ಇಡೀ ದಿನ ನಮ್ಮನ್ನ ಕಾಯ್ದದ್ದು ಅದ."

ಪಾರ್ಥ ಗಂಟನ್ನು ಭಕ್ತಿಯಿಂದ ಕಣ್ಣಿಗೊತ್ತಿ, ಭಾವನ ಅಂಗೈಯಲ್ಲಿಟ್ಟ. ರಾಯರು ಅದನ್ನು ನೋಡಿದರು. ಗಾಡಿಯನ್ನು ನೋಡಿದರು. ಬಾಯಿ ತೆರೆದರು. ಎಂದಿನಂತೆ ಮಾತು ಅರ್ಧವೇ ಬಂತು.

"ಪಾರ್..."

ಒಳಗೆ ದೇವರ ಗಂಟೆ ಬಾರಿಸಿತು. ದೀಪ ಹತ್ತಿತು. ರಾತ್ರಿ ಊಟದ ಹೊತ್ತಿಗೆ ಊರು ಸೇರಬೇಕೆಂದು ಪಾರ್ಥ ಗಾಡಿ ಬಿಟ್ಟಾಗಿತ್ತು.

ರಾಯರು ಅಲ್ಲೇ ನಿಂತರು. ಓಣಿ ದಾಟಿದ್ದು ಕೇಳಿಸಿತು. ವಿಜಯಪುರದ ರಸ್ತೆಗೆ ಹೊರಳಿದ್ದು ಕೇಳಿಸಿತು. ಊರ ಹೊರಗಿನ ಕಡೆಯ ಹಂಪಿನ ಮುಂದೆ ಸಣ್ಣದಾಯಿತು. ಆಮೇಲೆ ಪಾರ್ಥ, ಅಂದಾಜಿಲ್ಲದೆ, ಒತ್ತಿರಬೇಕು. ದನಿ ಏರಿತು, ಏರಿತು, ತುಂಬಿಕೊಂಡಿತು. ಇನ್ನು ಹಿಡಿಸುವುದಿಲ್ಲ ಎನ್ನುವ ಜಾಗದಲ್ಲಿ, ಒಂದು ತಾಳವೂ ಹಿಂದುಮುಂದಾಗದೆ, ದುಗುಣಕ್ಕೆ ಏರಿತು. ಸಂಜೆಯ ಬಯಲೆಲ್ಲ ಒಂದೇ ಸ್ವರವಾಯಿತು. ಐದು ಸಾವಿರದ ಇನ್ನೂರು. ಎಲ್ಲಿಯೂ ಮುಗ್ಗರಿಸಲಿಲ್ಲ.

ಮುಕ್ತಾಬಾಯಿ ಮಂಗಳಾರತಿ ತಟ್ಟೆ ಹಿಡಿದೇ ಹೊರಗೆ ಬಂದರು. "ಯಾವದ್ರೀ ಅದು?"

"ಅದ," ಎಂದರು ರಾಯರು.

ಆ ಸ್ವರ ದೂರವಾಗಿ, ದೂರವಾಗಿ, ಮುಗಿಯುವವರೆಗೂ ಮುಕ್ತಾಬಾಯಿ ಕೇಳಿದರು. "ಭಾಳ ಛಂದ ಅದ," ಎಂದರು. "ಇದನ್ನ ಮೊದಲ ಕೇಳಿಸಿದ್ರ ಇಟ್ಗೋತಿದ್ದಿವಲ್ಲಾ. ಇಷ್ಟೂ ದಿನ ಏನ ಮಾಡಿದ್ರಿ ನೀವು?"

ಅವರೇ ತಮ್ಮನಿಗೆ ಫೋನು ಹಚ್ಚಿದರು. ಪಾರ್ಥ ಎತ್ತಲಿಲ್ಲ. ಮತ್ತೆ ಹಚ್ಚಿದರು. ಎತ್ತಲಿಲ್ಲ. ಮೂರನೆಯ ಸಲಕ್ಕೆ ಅವನೇ ಮಾಡಿದ. ದನಿ ಗುರುತು ಹತ್ತದಷ್ಟು ಹುರುಪಾಗಿತ್ತು.

"ಅಕ್ಕಾ, ಮುದ್ದೇಬಿಹಾಳದವಗ ಗಾಡಿ ಇಲ್ಲ ಅಂತ ಹೇಳಿಬಿಟ್ಟೆ. ನಾನ ಇಟ್ಗೋತೇನಿ. ವ್ಯಾನ್ ನಿಮಗ ಇರಲಿ, ತಿರುಗಿ ಕೇಳಬ್ಯಾಡ್ರಿ. ಭಾವಾಗ ಹೇಳು, ಅವರ ಉಪಕಾರ ಈ ಜನ್ಮದಾಗ ತೀರಸೂದಿಲ್ಲ."

ಮುಕ್ತಾಬಾಯಿ ಫೋನು ಇಟ್ಟು ಗಂಡನ ಕಡೆ ನೋಡಿದರು. ರಾಯರು ಅಂಗೈಯಲ್ಲಿದ್ದ ಗಂಟನ್ನು ನೋಡುತ್ತಿದ್ದರು. ಬೇವಿನ ಮರದ ಕೆಳಗೆ ಬಿಳಿಯ ವ್ಯಾನು, ಊಟ ಮುಗಿಸಿ ಮಲಗಿದ ಎಮ್ಮೆಯ ಹಾಗೆ ನಿಂತಿತ್ತು.

ರಂಗೂಬಾಯಿ ಮನೆಗೆ ಹೋಗಿ ತಿರುಗಿ ಬಂದರು. ಕೈಯಲ್ಲಿ ಹಿತ್ತಾಳೆ ತಟ್ಟೆ. ಕುಂಕುಮ, ಊದಿನಕಡ್ಡಿ, ಐದು ನಿಂಬೆಹಣ್ಣು.

"ಹೊಸಾ ಗಾಡಿ ಮನಿಗೆ ಬಂದದ, ಹಂಗ ಬಿಡಬಾರದು," ಎಂದು ವ್ಯಾನಿನ ಬಾಗಿಲು ತೆಗೆಸಿ ಒಳಗೆ ಇಣುಕಿದರು. "ವಿಠ್ಠಲಾ, ಇದರಾಗ ಓಡಸೂದು ಯಾವದೋ?"

ರಾಯರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಗಾಡಿಯ ಹಿಂಬದಿಗೆ ಕೈ ತೋರಿಸಿ, "ಸ್ಟೆಪ್ನಿ ಅತ್ಯಾ. ಅಲ್ಲೇ ಹಿಂದ ಅದ," ಎಂದರು.

ರಂಗೂಬಾಯಿ ಅವರನ್ನು ಕರುಣೆಯಿಂದ ನೋಡಿದರು.

"ಪಾಪ, ದಣದೀದಿ. ಮರತಿ. ಬಲಕಿಂದೋ," ಎಂದು ತಾವೇ ಬಗ್ಗಿ, "ಬಾ, ಈ ದಾರ ಸ್ವಲ್ಪ ಬಿಗಿ ಹಿಡಿ," ಎಂದರು.

ರಾಯರು ಹೋಗಿ ದಾರ ಹಿಡಿದರು.